ಮನೆಯೊಳಗಿನ ಕಡಲಿಗೆ ಪಾಚಿ ಹಿಡಿದಾಗ

ಹಿಂದಿನ ಸಂಚಿಕೆಯಲ್ಲಿ ಕುಂಡದಲ್ಲಿ ಬಸಳೆ ಬೆಳೆಸುವ ವಿಚಾರ ಬರೆದಿದ್ದೆನಷ್ಟೆ. ಅದನ್ನೋದಿದ ಸಂಘದ ಸೋದರಿಯೊಬ್ಬರು, "ಗಿಡದ ಮಾತು ಇರಲಿ, ನಮ್ಮ ಮಗ ಇಟ್ಟಿರುವ ಉಪ್ಪುನೀರಿನ ಮೀನುತೊಟ್ಟಿಗೆ ಮೂರೇ ವಾರದಲ್ಲಿ ಕಂದು ಪಾಚಿ ಕಟ್ಟಿದೆ, ಏನು ಮಾಡಲಿ?" ಎಂದು ಕೇಳಿದ್ದಾರೆ. ಇದಕ್ಕೆ ಉತ್ತರ ಹೇಳುವ ಯೋಗ್ಯತೆ ನನಗೆ ಬಂದುದು ವಿದ್ಯೆಯಿಂದಲ್ಲ, ಎರಡು ಮೀನುಗಳ ಪ್ರಾಣ ಕಳೆದು.

ನಮ್ಮ ವಾಸ ಕಾಸಿಮೇಡಿನ ಮೀನುಗಾರಿಕೆ ಬಂದರಿಗೆ ಕೂಗಳತೆಯಲ್ಲಿ. ಬೆಳಗಿನ ಜಾವಕ್ಕೇ ಹರಾಜಿನ ಕೂಗು, ಮಂಜುಗಡ್ಡೆ ಒಡೆಯುವ ಸದ್ದು. ಇಷ್ಟು ವರ್ಷವೂ ಬಾಗಿಲಾಚೆಯೇ ನಿಂತಿದ್ದ ಮೀನು ಸಸ್ಯಾಹಾರಿಗಳಾದ ನಮ್ಮ ಮನೆಯೊಳಕ್ಕೆ ಬಂದುದು ಮೊಮ್ಮಗನ ಹುಟ್ಟುಹಬ್ಬದ ನೆಪದಲ್ಲಿ, ಅದೂ ನೋಡಲಿಕ್ಕೆ ಮಾತ್ರ. ಚೆನ್ನೈಗೆ ಈ ಹವ್ಯಾಸವೇನೂ ಹೊಸದಲ್ಲ. 1909ರಲ್ಲೇ ಮರೀನಾ ತೀರದಲ್ಲಿ ಸಾರ್ವಜನಿಕ ಮೀನುಮನೆ ತೆರೆದಿತ್ತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅದು ಮುಚ್ಚಿಹೋಯಿತು. ಈಗ ಬಣ್ಣದ ಮೀನು ಬೇಕೆಂದವರು ಹೋಗುವುದು ಕೊಳತ್ತೂರಿಗೆ. ನಾವೂ ಅಲ್ಲಿಂದಲೇ ಮೂರಡಿ ಉದ್ದದ ಗಾಜಿನ ತೊಟ್ಟಿ, ಮರಳು, ಕಲ್ಲು, ಕಿತ್ತಳೆ ಮೈಗೆ ಬಿಳಿ ಪಟ್ಟೆಯುಳ್ಳ ಎರಡು ಕ್ಲೌನ್ ಮೀನು ತಂದೆವು.

ಹದಿನೈದು ದಿನವಾಗಿರಬೇಕು, ಬೆಳ್ಳಗಿದ್ದ ಮರಳಿನ ಮೇಲೆ ಕಾಫಿ ಡಿಕಾಕ್ಷನ್ ಚೆಲ್ಲಿದಂತೆ ಕಂದು ಬಣ್ಣ. ಮರುದಿನ ಕಲ್ಲಿಗೂ ಗಾಜಿಗೂ ಹಬ್ಬಿತು. "ಏನೂಂದ್ರೆ, ನಿಮ್ಮ ಕಡಲಿಗೆ ತುಕ್ಕು ಹಿಡಿದಿದೆ" ಎಂದಳು ನನ್ನಾಕೆ. ಆ ಮಾತು ನನ್ನನ್ನು ಕೆಣಕಿತು. ಭಾನುವಾರ ಮೊಮ್ಮಗ ಸಂಗೀತದ ಪಾಠಕ್ಕೆ ಹೋಗಿದ್ದಾಗ ಪಂಚೆ ಎತ್ತಿಕಟ್ಟಿ ಕೆಲಸಕ್ಕಿಳಿದೆ. ಮರಳನ್ನು ನಲ್ಲಿಯ ಕೆಳಗಿಟ್ಟು ನೀರು ತಿಳಿಯಾಗುವವರೆಗೆ ತೊಳೆದೆ, ಕಲ್ಲನ್ನು ಬ್ರಷ್ಷಿನಿಂದ ಉಜ್ಜಿದೆ, ಫಿಲ್ಟರಿನ ಸ್ಪಂಜನ್ನು ಹಿಂಡಿ ಹಿಂಡಿ ಬಿಳುಪು ಮಾಡಿದೆ, ನೀರನ್ನೆಲ್ಲ ಬದಲಿಸಿದೆ. ಸಂಜೆಗೆ ತೊಟ್ಟಿ ಪಳಪಳ ಹೊಳೆಯಿತು. ಮೂರನೆಯ ದಿನ ಮೀನುಗಳು ನೀರಿನ ಮೇಲ್ಗಡೆ ಬಾಯಿ ತೆರೆದು ಏದುಸಿರು ಬಿಡುತ್ತಿದ್ದವು; ನಾಲ್ಕನೆಯ ದಿನ ಎರಡೂ ಇರಲಿಲ್ಲ. ಹುಡುಗ ಅಳಲಿಲ್ಲ. ದಾಸವಾಳದ ಕುಂಡದಲ್ಲಿ ಅವನ್ನು ಹೂತು ಬಂದವನು ಒಂದು ವಾರ ನನ್ನೊಡನೆ ಮಾತಾಡಲಿಲ್ಲ.

ಆದುದೇನೆಂಬುದನ್ನು ಆಮೇಲೆ ಓದಿ ತಿಳಿದೆ. ಮೀನಿನ ಮಲ, ಉಳಿದ ತಿಂಡಿ ಕೊಳೆತು ಅಮೋನಿಯಾ ಎಂಬ ವಿಷವಾಗುತ್ತದೆ. ಒಂದು ಜಾತಿಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ, ಅದೂ ವಿಷವೇ. ಇನ್ನೊಂದು ಜಾತಿ ಅದನ್ನು ಅಷ್ಟು ಅಪಾಯವಿಲ್ಲದ ನೈಟ್ರೇಟ್ ಮಾಡುತ್ತದೆ. ಇವು ಮನೆಮಾಡುವುದು ಮರಳಿನಲ್ಲಿ, ಕಲ್ಲಿನ ಸಂದಿಯಲ್ಲಿ, ಸ್ಪಂಜಿನಲ್ಲಿ; ಚೆನ್ನಾಗಿ ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ನಲ್ಲಿಯ ನೀರಿನಲ್ಲಿ ಕ್ಲೋರಿನ್ ಇರುತ್ತದಲ್ಲ, ಅದರಲ್ಲಿ ನಾನು ತೊಳೆದು ಚೆಲ್ಲಿದ್ದು ಕೊಳೆಯನ್ನಲ್ಲ, ಮೀನುಗಳನ್ನು ಕಾಯುತ್ತಿದ್ದ ಈ ಬಳಗವನ್ನು.

ಆ ಕಂದು ಬಣ್ಣವಾದರೂ ಏನು? ಡಯಾಟಂ ಎಂಬ ಏಕಕೋಶಜೀವಿ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಒಂದೊಂದಕ್ಕೂ ಗಾಜಿನಂಥ ಚಿಪ್ಪು. ಅದಕ್ಕೆ ಬೇಕಾದ ಸಿಲಿಕಾ ಸಿಗುವುದು ನಲ್ಲಿನೀರಿನಿಂದ, ಹೊಸ ಮರಳಿನಿಂದ. ಕಡಲಿನಲ್ಲಿ ಇದೇ ಡಯಾಟಂ ಅಸಂಖ್ಯ ಮೀನುಮರಿಗಳಿಗೆ ಮೂಲ ಆಹಾರ. ಹೊಸ ತೊಟ್ಟಿಯಲ್ಲಿ ಇದು ಬರುವುದು ಸಹಜ. ಸಿಲಿಕಾ ಮುಗಿದರೆ ಕೆಲವು ವಾರಗಳಲ್ಲಿ ತಾನಾಗಿಯೇ ಹೋಗುತ್ತದೆ. ಗಾಜಿನ ಮೇಲಿನದನ್ನು ಬೇಕಾದರೆ ಒರೆಸಬಹುದು. ದೀಪ ದಿನಕ್ಕೆ ಆರು ಗಂಟೆ ಸಾಕು. ತೊಟ್ಟಿಯ ಮೇಲೆ ಬಿಸಿಲು ಬೀಳಬಾರದು. ತಿಂಡಿ ಒಂದೆರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟು ಹಾಕಿ. ವಾರಕ್ಕೊಮ್ಮೆ ಹತ್ತರಲ್ಲೊಂದು ಪಾಲು ನೀರು ಬದಲಿಸಿ. ಹಾಗೆ ತೆಗೆದ ನೀರಿನಲ್ಲೇ ಸ್ಪಂಜನ್ನು ಅದ್ದಿ ತೊಳೆಯಿರಿ.

ಆದರೆ ಕಂದು ಬಣ್ಣದ್ದೆಲ್ಲ ಡಯಾಟಂ ಅಲ್ಲ. ಮುಟ್ಟಿದರೆ ಧೂಳಿನಂತೆ ಹಾರಿದರೆ ಅದೇ ಸರಿ. ಗೊಣ್ಣೆಯಂತೆ ಎಳೆಎಳೆಯಾಗಿ, ಗುಳ್ಳೆ ಸಿಕ್ಕಿಸಿಕೊಂಡು ಜೋತು, ರಾತ್ರಿ ಕಡಿಮೆಯಾಗಿ ದೀಪ ಹಚ್ಚಿದೊಡನೆ ಮರಳಿದರೆ ಅದು ಡೈನೊಫ್ಲ್ಯಾಜೆಲೇಟ್ ಇರಬಹುದು. ಅದರಲ್ಲಿ ಕೆಲವು ಬಸವನಹುಳುಗಳಿಗೆ ವಿಷ. 2019ರ ಆಗಸ್ಟಿನಲ್ಲಿ ಚೆನ್ನೈಯ ಅಲೆಗಳು ರಾತ್ರಿ ನೀಲಿಯಾಗಿ ಮಿನುಗಿದುದು ನೆನಪಿದೆಯಲ್ಲ? ಆ ನಾಕ್ಟಿಲೂಕಾ ಇದರ ಬಂಧು. ಇನ್ನು ಕೆನೆಯಂತೆ ಪದರವಾಗಿ ಏಳುವ ಕಡುಗೆಂಪು ಲೋಳೆ ಪಾಚಿಯೇ ಅಲ್ಲ, ಬ್ಯಾಕ್ಟೀರಿಯಾ. ಅದನ್ನು ಕೊಳವೆಯಿಂದ ಹೀರಿ ತೆಗೆದು, ನೀರಿನ ಓಟ ಹೆಚ್ಚಿಸಬೇಕು. ಯಾರಾದರೂ ಜ್ವರದ ಆಂಟಿಬಯಾಟಿಕ್ ಮಾತ್ರೆ ಹಾಕಿ ಎಂದಾರು. ನಂಬಿ ಮೊದಲೇ ಹಾಕಬೇಡಿ, ಒಳ್ಳೆಯ ಬಳಗಕ್ಕೂ ಅಪಾಯ.

ಬಂದರು ಪಕ್ಕದಲ್ಲೇ ಇರುವಾಗ ಕಡಲ ನೀರನ್ನೇ ತುಂಬಬಾರದೇ ಎಂದು ನಾನೂ ಯೋಚಿಸಿದ್ದೆ. ನಮ್ಮ ಬೀದಿಯ ದೋಣಿಯವರೊಬ್ಬರು ನಕ್ಕುಬಿಟ್ಟರು. ಬಂದರಿನೊಳಗಿನದು ಡೀಸೆಲ್ ತೇಲುವ, ಮೀನು ತೊಳೆದ ನೀರು. ಬೇಕೆಂದರೆ ತೀರದಿಂದ ಮೈಲಿಗಟ್ಟಲೆ ಆಚೆಯಿಂದ ಕ್ಯಾನಿನಲ್ಲಿ ತರಿಸಿ, ಎರಡು ವಾರ ಕತ್ತಲಲ್ಲಿಟ್ಟು ಬಳಸಬೇಕು. ಏಪ್ರಿಲ್ 15ರಿಂದ ಜೂನ್ 14ರವರೆಗೆ 61 ದಿನ ಯಂತ್ರದೋಣಿಗಳಿಗೆ ಮೀನುಗಾರಿಕೆ ನಿಷೇಧವಿರುವುದರಿಂದ ಆಗ ಅವರನ್ನು ನೆಚ್ಚುವಂತಿಲ್ಲ. ಈಶಾನ್ಯ ಮಳೆಗಾಲದಲ್ಲಿ ಹೊಳೆನೀರು ಸೇರಿ ಉಪ್ಪು ಇಳಿಯುತ್ತದೆ. 2017ರ ಜನವರಿಯಲ್ಲಿ ಎಣ್ಣೂರಿನಾಚೆ ಹಡಗುಗಳು ಡಿಕ್ಕಿಯಾಗಿ ಎಣ್ಣೆ ಹರಡಿದುದನ್ನೂ ಮರೆತಿಲ್ಲ. ಆದ್ದರಿಂದ ಈಗ ನಮ್ಮದು ಅಂಗಡಿಯ ಸಮುದ್ರ ಉಪ್ಪು, ಲೀಟರಿಗೆ ಸುಮಾರು 35 ಗ್ರಾಂ, ಆರ್.ಓ. ನೀರಿಗೆ. ಅಡುಗೆಯ ಉಪ್ಪು ಸಲ್ಲದು. ಆವಿಯಾಗಿ ಇಳಿದ ಮಟ್ಟಕ್ಕೆ ಮಾತ್ರ ಸಿಹಿನೀರನ್ನೇ ಹಾಕಬೇಕು, ಉಪ್ಪು ಆವಿಯಾಗುವುದಿಲ್ಲವಲ್ಲ.

ಇನ್ನೊಂದು ಮಾತು. ಬಲೆಗೆ ಸಿಕ್ಕಿದ ಹವಳದ ತುಂಡನ್ನು ತೊಟ್ಟಿಗೆಂದು ಯಾರಾದರೂ ಕೊಡಬಂದರೆ ಕೈಮುಗಿದು ಬೇಡವೆನ್ನಿ. 2001ರಿಂದ ಹವಳಗಳು ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲ ಅನುಸೂಚಿಯಲ್ಲಿವೆ.

ಎರಡನೆಯ ಬಾರಿ ಮೀನಿಲ್ಲದೆಯೇ ತೊಟ್ಟಿ ಹೂಡಿದೆವು. ಅಮೋನಿಯಾ ಹುಟ್ಟಿಸಲು ಹಸಿ ಸಿಗಡಿಯ ಚೂರು ಹಾಕುವ ರೂಢಿಯುಂಟು. ಅದಕ್ಕೆ ನನ್ನಾಕೆ ಒಪ್ಪದ ಕಾರಣ ದಿನಾ ಒಂದು ಚಿಟಿಕೆ ಮೀನಿನ ತಿಂಡಿ ಉದುರಿಸಿದೆವು. ಹುಡುಗ ಪರೀಕ್ಷೆಯ ಹನಿ ಹಾಕಿ ನೀರಿನ ಬಣ್ಣವನ್ನು ನೋಟುಪುಸ್ತಕದಲ್ಲಿ ಬರೆದಿಡುತ್ತಾನೆ. ಈಗ ಐದನೆಯ ವಾರ. ಅಮೋನಿಯಾ ಸೊನ್ನೆಗೆ ಬಂದಿದೆ, ನೈಟ್ರೈಟ್ ಇನ್ನೂ ಇಳಿಯಬೇಕು. ಮರಳು ಮತ್ತೆ ಕಂದಾಗಿದೆ. ನಿನ್ನೆ ಬೆಳಗ್ಗೆ ನಾನು ಸುಮ್ಮನೆ ತೊಟ್ಟಿಯ ಬಳಿ ನಿಂತಿದ್ದೆ; ಒಳಗಿನಿಂದ ಬಂದವನು ನನ್ನ ಎರಡು ಕೈಗಳನ್ನೂ ನೋಡಿ, "ಬ್ರಷ್ ಎಲ್ಲಿ, ತಾತ?" ಎಂದು ಕೇಳಿದ.