ಪಂಕ್ತಿಯ ಲೆಕ್ಕ



ಹೋದ ಚಳಿಗಾಲದಲ್ಲಿ ನಮ್ಮ ಕಡೆಯ ಏಳು ಮಂದಿ ಹುಡುಗ ಹುಡುಗಿಯರು ರಾತ್ರಿಯಿಡೀ ಸೈಕಲ್ ತುಳಿದು ಬೀದರಿಗೆ ಹೋದರು. ಕೋಟೆಯ ಮೇಲೆ ನಿಂತು ಸೂರ್ಯೋದಯ ನೋಡುವ ಆಸೆ. ಬೀದರ್ 1956ರವರೆಗೆ ಹೈದರಾಬಾದ್ ರಾಜ್ಯದ್ದೇ ಜಿಲ್ಲೆ. ಅಜ್ಜ ಹುಟ್ಟಿದ ಊರಿಗೆ ಮೊಮ್ಮಗ ಸೈಕಲ್ಲಿನಲ್ಲಿ ಹೋಗುತ್ತೇನೆಂದರೆ ಬೇಡ ಅನ್ನಲು ಬಾಯಿ ಬರಲಿಲ್ಲ.

ಅವರ ಲೆಕ್ಕ ಸರಳ. ದೂರ ಸುಮಾರು 140 ಕಿ.ಮೀ., ವೇಗ ಗಂಟೆಗೆ 20. ಏಳು ಗಂಟೆ ಸಾಕು. ರಾತ್ರಿ 10ಕ್ಕೆ ಬಿಟ್ಟರೆ ಬೆಳಗಿನ 5ಕ್ಕೆ ಬೀದರ್. ಬಿ.ಎ.ಯಲ್ಲಿ ಇಂಗ್ಲಿಷ್ ಓದಿದ ನನಗೂ ಇಷ್ಟು ಭಾಗಾಕಾರ ಬರುತ್ತದೆ, ತಲೆಯಾಡಿಸಿದೆ.

ಐದಾಯಿತು, ಆರಾಯಿತು, ಏಳಾಯಿತು. ಒಬ್ಬರೂ ಫೋನ್ ಎತ್ತಲೊಲ್ಲರು. ಒಲೆಯ ಮೇಲಿನ ಹಾಲು ಉಕ್ಕಿ ಹರಿದದ್ದೂ ನನಗೆ ತಿಳಿಯಲಿಲ್ಲ. ಅವರು ಮುಟ್ಟಿದ್ದು 9-35ಕ್ಕೆ.

ಎಲ್ಲಿ ತಪ್ಪಿತು? ಒಬ್ಬ ದೀಪ ಮರೆತು ಬಂದಿದ್ದರಿಂದ ಹೊರಟದ್ದೇ 10-45ಕ್ಕೆ. ಆಮೇಲೆ ನಾಲ್ಕು ಸಲ ಚಹಾ. ಹತ್ತು ನಿಮಿಷವೆಂದು ಇಳಿದರೆ ಇಪ್ಪತ್ತೈದು. ಒಬ್ಬಳು ಬಾಟಲಿ ತುಂಬಬೇಕು, ಇನ್ನೊಬ್ಬ ಪಕ್ಕಕ್ಕೆ ಹೋಗಿಬರಬೇಕು. ಏಳನೆಯವನು ಸಿದ್ಧನಾಗುವಷ್ಟರಲ್ಲಿ ಮೊದಲನೆಯವನು ಹೆಲ್ಮೆಟ್ ತೆಗೆದು ಮತ್ತೆ ಕೂತಿರುತ್ತಾನೆ. ಒಂದು ಪಂಕ್ಚರಿಗೆ ಇನ್ನೊಂದು ಇಪ್ಪತ್ತೈದು. ಇಷ್ಟಕ್ಕೇ ಎರಡು ತಾಸು ಮೀರಿತು.

ಉಳಿದದ್ದು ನನ್ನ ಮಗನ ಖಾತೆಗೆ. ಅವನ ವೇಗ 16ಕ್ಕಿಂತ ಹೆಚ್ಚಿಲ್ಲ. ಎಲ್ಲರೆದುರು ಕೇಳಿದಾಗ ನಾಚಿಕೆಯಿಂದ 20 ಎಂದನಂತೆ. 140ನ್ನು 16ರಿಂದ ಭಾಗಿಸಿ ನೋಡಿ, ಎಂಟೂ ಮುಕ್ಕಾಲು ಗಂಟೆ!

ಬೀದರ್ ಮುಟ್ಟಬೇಕಾಗಿದ್ದ 5 ಗಂಟೆಗೆ ಇವರಿನ್ನೂ ಸದಾಶಿವಪೇಟೆಯಲ್ಲಿ. ತಡವಾಯಿತೆಂದು ಆರು ಮಂದಿ ಬಿರುಸಾಗಿ ತುಳಿದರು. ಮುಂದಿನ ದೀಪಗಳು ಕಾಣದಾದವು. ಜಹೀರಾಬಾದಿನವರೆಗೆ ಸುಮಾರು 30 ಕಿ.ಮೀ., ಆ ಬಾಂಬೆ ಹೆದ್ದಾರಿಯ ಲಾರಿಗಳ ನಡುವೆ, ಅವನೊಬ್ಬನೇ. ಕಣ್ಣೆವೆ ಕೂಡುವ ಹೊತ್ತು ಬೇರೆ. ಈ ಸಂಗತಿ ಅವನು ನನಗೆ ಹೇಳಿದ್ದು ಒಂದು ವಾರದ ಮೇಲೆ. ಬೈಯಲಿಲ್ಲ. ಎದ್ದು ಒಳಗೆ ಹೋದೆ.

ನಮ್ಮ ಮನೆಗಳಲ್ಲಿ ಪಂಕ್ತಿಯಲ್ಲಿ ಉಂಡವರು ಕೊನೆಯವನ ಮಜ್ಜಿಗೆ ಅನ್ನ ಮುಗಿಯುವ ತನಕ ಏಳುವುದಿಲ್ಲ. ಬಡಿಸುವವಳು ಎರಡನೆಯ ಪಂಕ್ತಿ ಎಷ್ಟು ಹೊತ್ತಿಗೆಂದು ಎಣಿಸುವುದೂ ಆ ಕೊನೆಯವನನ್ನು ನೋಡಿಯೇ. ಬೇಗ ಉಣ್ಣುವವನನ್ನು ನೋಡಿ ಎಣಿಸಿದರೆ ಅನ್ನ ಆರಿಹೋಗುತ್ತದೆ.

ಫ್ರಾನ್ಸಿನಿಂದ ಬಂದ ‘ಬ್ರೆವೆ’ ಎಂಬ ದೂರದ ಸವಾರಿ ನಮ್ಮ ಹೈದರಾಬಾದಿನಲ್ಲೂ ನಡೆಯುತ್ತದೆ. ಅದು ಪಂದ್ಯವಲ್ಲ. 200 ಕಿ.ಮೀ.ಗೆ ಹದಿಮೂರೂವರೆ ಗಂಟೆ, 300ಕ್ಕೆ 20, 400ಕ್ಕೆ 27 ಗಂಟೆಯ ಗಡುವು. ಊಟ, ನಿದ್ದೆ, ಪಂಕ್ಚರ್ ಯಾವುದಕ್ಕೂ ಗಡಿಯಾರ ನಿಲ್ಲುವುದಿಲ್ಲ. ಎಲ್ಲ ಸೇರಿ ಗಂಟೆಗೆ 15 ಕಿ.ಮೀ. ಬಿದ್ದರೆ ಅಲ್ಲಿ ಪಾಸು! ನಮ್ಮ ಹುಡುಗರು ಯಾವ ಧೈರ್ಯದ ಮೇಲೆ 20 ಹಿಡಿದರೋ.

ಈ ಚಳಿಗಾಲ ಮತ್ತೆ ಬೀದರಿಗೆ ಹೊರಟಿದ್ದಾರೆ. ಈ ಸಲದ ಲೆಕ್ಕಕ್ಕೆ ನಾನೂ ಕೂತಿದ್ದೆ. ತುಳಿಯಲು ಎಂಟೂ ಮುಕ್ಕಾಲು, ನಾಲ್ಕು ನಿಲುಗಡೆಗೆ ಒಂದು ಗಂಟೆ, ಪಂಕ್ಚರಿಗೋ ಮತ್ತೊಂದಕ್ಕೋ ಅರ್ಧ ಗಂಟೆ. ರಾತ್ರಿ 8ಕ್ಕೆ ಹೊರಟರೆ 6-15ಕ್ಕೆ ಮುಟ್ಟಬೇಕು, ಸೂರ್ಯನಿಗಿಂತ ಸ್ವಲ್ಪ ಮುಂಚೆ. ಮನೆಯವರಿಗೆ ಹೇಳುವ ಹೊತ್ತು 7. ಸಂಗಾರೆಡ್ಡಿ, ಸದಾಶಿವಪೇಟೆ, ಜಹೀರಾಬಾದಿನಿಂದ ಒಂದೊಂದು ಫೋನ್. ಕೊನೆಯವನ ಜೊತೆಗೆ ಯಾವಾಗಲೂ ಒಬ್ಬರು ಇರಲೇಬೇಕು. ಬೀದರ್ ನಮ್ಮೂರಿಗಿಂತ ಎತ್ತರದಲ್ಲಿದೆ, ಸ್ವೆಟರ್ ಮರೆಯಬೇಡಿ.

ಬರುವವರು ಹೆಸರು ಕೊಡುವಾಗ ಎದುರಿಗೆ ನಿಮ್ಮ ವೇಗವನ್ನೂ ಬರೆಯಿರಿ. ನಮ್ಮ ಮನೆಯವನು 16 ಎಂದು ಬರೆದುಕೊಟ್ಟಿದ್ದಾನೆ.