ಪಾಥೇಯವೂ ಪಥ್ಯವೂ

ದಾರಿಗೆ ಕಟ್ಟಿಕೊಂಡು ಹೋಗುವ ಬುತ್ತಿಗೆ ಸಂಸ್ಕೃತದಲ್ಲಿ ಪಾಥೇಯವೆಂದೂ, ದೇಹಕ್ಕೆ ಹಿತವಾದ ಆಹಾರಕ್ಕೆ ಪಥ್ಯವೆಂದೂ ಹೆಸರು. ಇವೆರಡೂ ದಾರಿಯೆಂಬ ಅರ್ಥದ ಒಂದೇ ಶಬ್ದದಿಂದ ಹುಟ್ಟಿದುವು. ದಾರಿಗೆ ಒದಗುವಂಥದು ಪಾಥೇಯ. ದಾರಿಯನ್ನು ಬಿಟ್ಟು ಅಗಲದಂಥದು ಪಥ್ಯ. 34 ವರ್ಷಗಳ ಕಾಲ ಮಕ್ಕಳಿಗೆ ಈ ತದ್ಧಿತಪ್ರತ್ಯಯಗಳನ್ನು ಬಾಯಿಪಾಠ ಮಾಡಿಸಿದ ನಾವು, ಒಂದೇ ತಾಯಿಯ ಈ ಎರಡು ಮಕ್ಕಳು ನಮ್ಮ ಮನೆಯಲ್ಲಿಯೇ ಬೇರೆಯಾಗಿ ಹೋಗಿರುವುದನ್ನು ಗಮನಿಸಿರಲಿಲ್ಲ. ಕಳೆದ ಮಾಘಮಾಸದಲ್ಲಿ ಗಮನಿಸಬೇಕಾಗಿ ಬಂದಿತು.

ನಮ್ಮ ವಾಸ ಗೌರಿಬಿದನೂರಿನಲ್ಲಿ. ಮಗನು ಮುಂಜಾನೆಯ ರೈಲಿನಲ್ಲಿ ಬೆಂಗಳೂರಿಗೆ ಹೋಗುತ್ತಾನೆ. ಸೊಸೆಯು ಬಸ್ಸಿನಲ್ಲಿ ಚಿಕ್ಕಬಳ್ಳಾಪುರದ ಕಛೇರಿಗೆ. 2007ರಲ್ಲಿ ಕೋಲಾರದಿಂದ ಬೇರ್ಪಟ್ಟು ಚಿಕ್ಕಬಳ್ಳಾಪುರವು ಜಿಲ್ಲೆಯ ಮುಖ್ಯಸ್ಥಳವಾಯಿತಷ್ಟೆ. ಚಿಂತಾಮಣಿ, ಶಿಡ್ಲಘಟ್ಟ, ಗೌರಿಬಿದನೂರುಗಳಿಂದ ಹೀಗೆ ಕೈಚೀಲದಲ್ಲಿ ಡಬ್ಬಿಯನ್ನಿಟ್ಟುಕೊಂಡು ದಿನವೂ ಅಲ್ಲಿಗೆ ಹೋಗಿಬರುವವರು ಬಹುಮಂದಿ ಇದ್ದಾರೆ. ನಮ್ಮ ಮನೆಯಲ್ಲಿ ಬೆಳಗಿನ ಏಳು ಗಂಟೆಯೊಳಗಾಗಿ ನಾಲ್ಕು ಡಬ್ಬಿಗಳು ತುಂಬಬೇಕು: ಮಗನದೊಂದು, ಮೊಮ್ಮಕ್ಕಳವೆರಡು, ಸೊಸೆಯದೊಂದು. ಅವಳು ನಾಲ್ಕೂವರೆಗೆ ಏಳುತ್ತಿದ್ದಳು. ನಾವೂ ಅದೇ ವೇಳೆಗೆ ಏಳುತ್ತಿದ್ದೆವು. ಎದ್ದು ಜಗುಲಿಯಲ್ಲಿ ಕುಳಿತು ಸ್ತೋತ್ರಪಾಠ ಮಾಡುತ್ತಿದ್ದೆವು.

ಮಾಘದ ಒಂದು ಸಂಜೆ ಅವಳು ಮನೆಗೆ ಬಂದವಳು ಮೆಟ್ಟಿಲಿನ ಮೇಲೆಯೇ ಕುಳಿತುಬಿಟ್ಟಳು. ಕಣ್ಣು ಕತ್ತಲೆಗಟ್ಟಿದೆ, ಎದ್ದು ನಿಲ್ಲಲಾರೆ ಎಂದಳು. ಮರುದಿನ ವೈದ್ಯರು ರಕ್ತಪರೀಕ್ಷೆ ಮಾಡಿಸಿದಾಗ, 12ಕ್ಕೆ ಕಡಿಮೆಯಿರಬಾರದ ಹಿಮೋಗ್ಲೋಬಿನ್ 8.6ಕ್ಕೆ ಇಳಿದಿತ್ತು. ವೈದ್ಯರು ಕಬ್ಬಿಣದ ಮಾತ್ರೆಗಳನ್ನು ಬರೆದುಕೊಟ್ಟು, “ಮಧ್ಯಾಹ್ನ ಏನು ಊಟ ಮಾಡುತ್ತೀರಿ?” ಎಂದು ಕೇಳಿದರು. ಅವಳು ಮಾತನಾಡಲಿಲ್ಲ. ಮನೆಗೆ ಬಂದ ಮೇಲೆ ನಾವೇ ಕೇಳಿದೆವು.

“ಏನಮ್ಮ, ಡಬ್ಬಿ ದಿನವೂ ಬರಿದಾಗಿಯೇ ಬರುತ್ತದಲ್ಲ?”

“ಬಸ್ಸು ನಿಲ್ಲುವ ಕಡೆ ನಾಯಿಗಳಿಗೆ ಹಾಕುತ್ತೇನೆ, ಮಾವ. ಒಂದೂವರೆ ಗಂಟೆಗೆ ಆ ಅನ್ನ ತಣ್ಣಗೆ ಉದುರಾಗಿ ಗಂಟಲಲ್ಲಿ ಇಳಿಯುವುದಿಲ್ಲ. ಒಂದು ಲೋಟ ಟೀ, ಎರಡು ಬಿಸ್ಕತ್ತು ಆದರೆ ಸಾಯಂಕಾಲದವರೆಗೆ ನಡೆಯುತ್ತೆ.”

ಅದೇ ಒಂದೂವರೆ ಗಂಟೆಗೆ ನಾವು ಮನೆಯಲ್ಲಿ ಹಬೆಯಾಡುವ ರಾಗಿಮುದ್ದೆಯನ್ನು ಬಸ್ಸಾರಿನಲ್ಲಿ ಅದ್ದಿ ನುಂಗುತ್ತಿದ್ದೆವೆಂಬುದನ್ನು ವಾಚಕರ ಮುಂದೆ ಒಪ್ಪಿಕೊಳ್ಳದೆ ಮುಂದಕ್ಕೆ ಬರೆಯುವುದು ಯುಕ್ತವಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಸ್ತ್ರೀಯರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ರಕ್ತಹೀನತೆಯಿದೆ. ಈ ಸಂಖ್ಯೆಯನ್ನು ನಾವು ಹಿಂದೆಯೇ ಓದಿದ್ದೆವು; ಅದು ನಮ್ಮ ಅಡಿಗೆಮನೆಯಲ್ಲಿ ಕುಳಿತಿದೆಯೆಂದು ತೋರಿರಲಿಲ್ಲ.

ಡಬ್ಬಿಯನ್ನು ತೆರೆದು ವಿಚಾರಿಸಿದರೆ ದೋಷವು ಬೇಗನೆ ಕಾಣುತ್ತದೆ. ಸೋಮವಾರ ಚಿತ್ರಾನ್ನ, ಮಂಗಳವಾರ ಪುಳಿಯೋಗರೆ, ಬುಧವಾರ ಟೊಮ್ಯಾಟೋ ಬಾತು, ಗುರುವಾರ ಪುನಃ ಚಿತ್ರಾನ್ನ. ಬಣ್ಣ ಬೇರೆ, ವಸ್ತು ಒಂದೇ: ಬಿಳಿಯ ಅಕ್ಕಿ. ನಮ್ಮ ಸೀಮೆಯ ಹೊಲದಲ್ಲಿ ರಾಗಿಯುಂಟು, ಅವರೆಯುಂಟು, ಹುರುಳಿ, ಅಲಸಂದೆ, ಕಡಲೆಕಾಯಿಗಳುಂಟು. ಡಬ್ಬಿಯಲ್ಲಿ ಇವು ಯಾವುವೂ ಇಲ್ಲ. 100 ಗ್ರಾಮು ಅಕ್ಕಿಯಲ್ಲಿ ಕಬ್ಬಿಣದ ಅಂಶವು 1 ಮಿಲಿಗ್ರಾಮಿಗೂ ಕಡಿಮೆ. ಅಷ್ಟೇ ರಾಗಿಯಲ್ಲಿ 4ರಷ್ಟು, ಹುರುಳಿಯಲ್ಲಿ 8ರ ಆಸುಪಾಸು. ಸುಣ್ಣದ ಅಂಶವಂತೂ ರಾಗಿಯಲ್ಲಿ 340 ಮಿಲಿಗ್ರಾಮಿನ ಸುಮಾರು, ಅಕ್ಕಿಯಲ್ಲಿ 10ರಷ್ಟು ಮಾತ್ರ. ಹೀಗಿದ್ದೂ ರಾಗಿಯು ಡಬ್ಬಿಯಿಂದ ಹೊರಬಿದ್ದುದೇಕೆ? ಜನರಿಗೆ ಅದರಲ್ಲಿ ಅನಾದರವುಂಟಾಯಿತೆಂದು ಕೆಲವರು ಹೇಳುತ್ತಾರೆ. ನಮಗೆ ಹಾಗೆ ತೋರುವುದಿಲ್ಲ. ರಾಗಿಯನ್ನು ನಾವು ಮುದ್ದೆಯ ರೂಪದಲ್ಲಿ ಮಾತ್ರ ಊಟವೆಂದು ತಿಳಿದಿದ್ದೇವೆ. ಮುದ್ದೆಯಾದರೋ ಪ್ರಯಾಣಕ್ಕೆ ಒಗ್ಗದು. ತಣ್ಣಗಾದೊಡನೆ ಅದರ ಪಿಷ್ಟವು ಬಿಗಿದು ಗಟ್ಟಿಯಾಗುತ್ತದೆ, ಸಾರು ಚೀಲದಲ್ಲಿ ಸೋರುತ್ತದೆ. ಆದಕಾರಣ ಮುದ್ದೆಯೊಡನೆ ರಾಗಿಯನ್ನೂ, ಸಾರಿನೊಡನೆ ಸೊಪ್ಪುಕಾಳುಗಳನ್ನೂ ಮನೆಯಲ್ಲಿಯೇ ಬಿಟ್ಟು, ಅನ್ನವನ್ನು ಮಾತ್ರ ಕಟ್ಟಿಕೊಂಡು ಹೊರಟೆವು.

ನಮ್ಮ ಹಿರಿಯರು ಹೀಗೆ ಹೊರಡುತ್ತಿರಲಿಲ್ಲ. ದನ ಕಾಯುವವನೂ ಸಂತೆಗೆ ಹೋಗುವವನೂ ಹುರಿಹಿಟ್ಟನ್ನು ಗಂಟುಕಟ್ಟಿಕೊಳ್ಳುತ್ತಿದ್ದರು. ರಾಗಿಗೆ ನೀರು ಚಿಮುಕಿಸಿ ಆರಿಸಿ, ಕಾದ ಬಾಣಲೆಯಲ್ಲಿ ಅರಳುವಂತೆ ಹುರಿದು ಬೀಸಿದ ಹಿಟ್ಟು ಅದು. ಸಂಸ್ಕೃತದಲ್ಲಿ ಸಕ್ತುವೆಂದು ಕರೆಯುವ ಹುರಿದ ಯವೆಯ ಹಿಟ್ಟಿನ ಬಂಧು. ನೀರಿನ ಸೋಂಕಿಲ್ಲದ್ದರಿಂದ ಹಳಸುವ ಭಯವಿಲ್ಲ. ಒಣ ಡಬ್ಬಿಯಲ್ಲಿ ಹಿಟ್ಟು, ಇನ್ನೊಂದರಲ್ಲಿ ಮೊಸರು, ಚೂರು ಬೆಲ್ಲ ಅಥವಾ ಉಪ್ಪು ಮತ್ತು ಹಸಿಮೆಣಸಿನಕಾಯಿ. ಕಛೇರಿಯಲ್ಲಿ ಕಲಸಿಕೊಳ್ಳುವುದಕ್ಕೆ ಒಂದು ನಿಮಿಷ ಸಾಕು. ತಣ್ಣಗಿರುವುದೇ ಇದರ ಗುಣವಾದುದರಿಂದ ತಣ್ಣಗಾಯಿತೆಂಬ ದೂರೂ ಇಲ್ಲ. ನಾವು ಮೊದಲು ಡಬ್ಬಿಗೆ ತಂದದ್ದು ಇದನ್ನೇ.

ಎರಡನೆಯದು ರಾಗಿರೊಟ್ಟಿ. ಹಿಟ್ಟನ್ನು ಬಿಸಿನೀರಿನಲ್ಲಿ ಕಲಸಿ, ಹೆಚ್ಚಿದ ಈರುಳ್ಳಿಯನ್ನೂ ನುಗ್ಗೆಸೊಪ್ಪನ್ನೂ ಧಾರಾಳವಾಗಿ ಸೇರಿಸಿ ತಟ್ಟಿ ಬೇಯಿಸಿ, ಹಬೆಯಾರಿದ ಮೇಲೆ ಬಟ್ಟೆಯಲ್ಲಿ ಸುತ್ತಿಟ್ಟರೆ ಮಧ್ಯಾಹ್ನದವರೆಗೂ ಮೆತ್ತಗಿರುತ್ತದೆ. ಜೊತೆಗೆ ಕಡಲೆಕಾಯಿ ಚಟ್ನಿಪುಡಿ. ಈ ರೊಟ್ಟಿಯನ್ನು ಈಗ ನಾವೇ ತಟ್ಟುತ್ತೇವೆ. ಸ್ತೋತ್ರವು ಒಲೆಯ ಮುಂದೆಯೂ ನಡೆಯುತ್ತದೆಂಬುದು ಅರವತ್ತರ ವಯಸ್ಸಿನಲ್ಲಿ ತಿಳಿಯಿತು. ಮೊದಲ ವಾರದ ರೊಟ್ಟಿಗಳ ಆಕಾರವು ಭೂಪಟದ ಯಾವ ದೇಶಕ್ಕೂ ಹೊಂದುತ್ತಿರಲಿಲ್ಲ. “ಗದರಿಸಬೇಡಿ, ಅದು ನಿಮ್ಮ ಶಿಷ್ಯನಲ್ಲ, ಮೆಲ್ಲಗೆ ತಟ್ಟಿ” ಎಂದು ನಮ್ಮ ಮನೆಯವರು ಮಣೆಯ ಮೇಲೆ ಕುಳಿತು ಪಾಠ ಹೇಳಿದರು. ಸೊಪ್ಪು ಬಿಡಿಸಿ ಹೆಚ್ಚುವ ಕೆಲಸವು ಹಿಂದಿನ ರಾತ್ರಿ ಮಗನದು.

ಮೂರನೆಯದಕ್ಕೆ ಹೊಸ ಶ್ರಮವೇ ಬೇಡ. ಬಸ್ಸಾರಿಗೆ ಬಸಿದು ಉಳಿದ ಸೊಪ್ಪುಕಾಳಿನ ಪಲ್ಯವು ನಮ್ಮ ಮನೆಗಳಲ್ಲಿ ವಾರಕ್ಕೆರಡು ರಾತ್ರಿಯಾದರೂ ಇರುತ್ತದೆ. ಅದರಲ್ಲೊಂದು ಪಾಲನ್ನು ಫ್ರಿಜ್ಜಿನಲ್ಲಿಟ್ಟು ಬೆಳಿಗ್ಗೆ ಚೆನ್ನಾಗಿ ಬಿಸಿಮಾಡಿ ಡಬ್ಬಿಗೆ ಹಾಕಬಹುದು. ಮಾರ್ಗಶಿರ, ಪುಷ್ಯಗಳಲ್ಲಿ ಸೊಗಡಿನ ಅವರೆ ಬಂದಾಗ ಯಾರಿಗೂ ಹೇಳಿಕೊಡಬೇಕಾಗಿಲ್ಲ; ಹಿತಕಿದ ಬೇಳೆಯಿದ್ದ ಡಬ್ಬಿಯು ತಾನಾಗಿ ಬರಿದಾಗುತ್ತದೆ. ಉಳಿದ ಕಾಲಕ್ಕೆ ಮೊಳಕೆ ಬಂದ ಹೆಸರುಕಾಳು ಅಥವಾ ಹುರುಳಿಯ ಗುಗ್ಗರಿ. ಕಾಳು ಮೊಳೆತಾಗ ಅದರ ಕಬ್ಬಿಣವನ್ನು ಹಿಡಿದಿಟ್ಟುಕೊಂಡಿರುವ ಪದಾರ್ಥವು ಕಡಿಮೆಯಾಗಿ, ದೇಹವು ಅದನ್ನು ಹೀರಿಕೊಳ್ಳುವುದು ಸುಲಭವಾಗುತ್ತದೆ. ಊಟದ ಹೊತ್ತಿನಲ್ಲಿ ಮೇಲೆ ಅರ್ಧ ನಿಂಬೆಹಣ್ಣು ಹಿಂಡಿಕೊಂಡರೆ, ಇಲ್ಲವೇ ಒಂದು ಸೀಬೆಹಣ್ಣು ತಿಂದರೆ, ಮತ್ತಷ್ಟು ಸುಲಭ. ಊಟವಾದೊಡನೆ ಕುಡಿಯುವ ಟೀಯು ಇದಕ್ಕೆ ನೇರ ಶತ್ರು. ಒಂದು ಗಂಟೆಯಾದರೂ ತಡೆದು ಕುಡಿಯತಕ್ಕದ್ದು. ಕಛೇರಿಯವರಿಗೆ ಈ ನಿಯಮವು ಏಕಾದಶಿಯ ಉಪವಾಸಕ್ಕಿಂತ ಕಠಿನವೆಂದು ಸೊಸೆಯ ಅಭಿಪ್ರಾಯ.

ಅನ್ನವನ್ನು ಬಹಿಷ್ಕರಿಸಬೇಕೆಂದು ನಾವು ಹೇಳುತ್ತಿಲ್ಲ. ಮಂಗಳವಾರದ ಪುಳಿಯೋಗರೆ ಇಂದಿಗೂ ನಡೆಯುತ್ತಿದೆ, ಗುಗ್ಗರಿಯೊಡನೆ. ಆದರೆ ಅನ್ನದ ವಿಷಯದಲ್ಲಿ ಒಂದು ಎಚ್ಚರಿಕೆ ಅವಶ್ಯ. ಮಾಡಿ ಒಂದು ಯಾಮ ಕಳೆದ ಅನ್ನಕ್ಕೆ ಯಾತಯಾಮವೆಂದು ಹೆಸರು. ಯಾಮವೆಂದರೆ ಮೂರು ಗಂಟೆ. ಆರು ಗಂಟೆಗೆ ಮಾಡಿ ಒಂದೂವರೆಗೆ ಉಣ್ಣುವ ಅನ್ನಕ್ಕೆ ಎರಡೂವರೆ ಯಾಮ ಕಳೆದಿರುತ್ತದೆ! ಬಹು ಮನೆಗಳಲ್ಲಿ ರಾತ್ರಿ ಮಿಕ್ಕ ಅನ್ನವನ್ನು ಪಾತ್ರೆಯಲ್ಲಿ ಹೊರಗೇ ಬಿಟ್ಟು, ಬೆಳಿಗ್ಗೆ ಒಗ್ಗರಣೆ ಕೊಟ್ಟು ಚಿತ್ರಾನ್ನವೆಂದು ಕಟ್ಟುತ್ತಾರೆ. ಇದು ಅಪಾಯಕರವಾದುದು. ಅಕ್ಕಿಯಲ್ಲಿರುವ ಒಂದು ಜಾತಿಯ ಸೂಕ್ಷ್ಮಾಣುವಿನ ಬೀಜಗಳು ಕುದಿತದಲ್ಲಿಯೂ ಸಾಯದೆ, ಅನ್ನವು ಉಗುರುಬೆಚ್ಚಗಿರುವಾಗ ಮೊಳೆತು ವಿಷವನ್ನು ಉಂಟುಮಾಡುತ್ತವೆ. ಆ ವಿಷವು ಪುನಃ ಬಿಸಿಮಾಡಿದರೂ ಹೋಗುವುದಿಲ್ಲ. ರಾತ್ರಿಯ ಅನ್ನವನ್ನು ಒಂದೆರಡು ಗಂಟೆಯೊಳಗೆ ಫ್ರಿಜ್ಜಿನಲ್ಲಿಡಬೇಕು, ಇಲ್ಲವೇ ಬೆಳಿಗ್ಗೆ ಹೊಸದಾಗಿ ಮಾಡಬೇಕು. ಹುಣಿಸೆ, ನಿಂಬೆ, ಮೊಸರುಗಳ ಹುಳಿಯು ಈ ಸೂಕ್ಷ್ಮಾಣುಗಳಿಗೆ ಸಹಿಸದು. ಪ್ರಯಾಣಕ್ಕೆ ಪುಳಿಯೋಗರೆಯನ್ನೂ ಮೊಸರನ್ನವನ್ನೂ ಕಟ್ಟುತ್ತಿದ್ದ ಅಜ್ಜಿಯಂದಿರು ಸೂಕ್ಷ್ಮದರ್ಶಕವನ್ನು ನೋಡಿದವರಲ್ಲ, ಆದರೂ ತಪ್ಪಲಿಲ್ಲ.

ರುಚಿಯ ಮಾತು ಉಳಿಯಿತು. ನಾವು ಚಿಂತಾಮಣಿಯ ಶಾಲೆಯಲ್ಲಿದ್ದಾಗ ಉಪಾಧ್ಯಾಯರ ಕೊಠಡಿಯಲ್ಲಿ ಡಬ್ಬಿಗಳು ಒಟ್ಟಿಗೆ ತೆರೆಯುತ್ತಿದ್ದುವು. ಗಣಿತದ ಮೇಷ್ಟರೊಬ್ಬರು ತರುತ್ತಿದ್ದ ಹುರುಳಿ ಗುಗ್ಗರಿಯನ್ನು ಕುದುರೆಯ ಮೇವೆಂದು ಹಾಸ್ಯಮಾಡುತ್ತಲೇ ಅರ್ಧಕ್ಕಿಂತ ಹೆಚ್ಚು ನಾವೇ ತಿಂದುಬಿಡುತ್ತಿದ್ದೆವು. ಆಮೇಲೆ ಶಿಡ್ಲಘಟ್ಟಕ್ಕೆ ವರ್ಗವಾದಾಗ, ರೇಷ್ಮೆನೂಲು ತೆಗೆಯುವ ಫಿಲೇಚರಿನ ಹೆಂಗಸರು ಮಧ್ಯಾಹ್ನ ಗೋಡೆಯ ನೆರಳಿನಲ್ಲಿ ಸುತ್ತಲೂ ಕುಳಿತು, ಡಬ್ಬಿಗಳನ್ನೆಲ್ಲ ನಡುವೆ ಇಟ್ಟು ಉಣ್ಣುವುದನ್ನು ದಿನವೂ ಕಾಣುತ್ತಿದ್ದೆವು. ಬಿಸಿನೀರಿನಲ್ಲಿ ಗೂಡು ಅದ್ದಿ ಬೆರಳು ಸುಕ್ಕಾದವರು, ನಗುವಿಗೆ ಕೊರತೆಯಿರಲಿಲ್ಲ. ಸೊಸೆಯ ಕಛೇರಿಯಲ್ಲಾದರೋ ಪ್ರತಿಯೊಬ್ಬರೂ ತಮ್ಮ ಮೇಜಿನಲ್ಲಿಯೇ ಮೊಬೈಲನ್ನು ನೋಡುತ್ತ, ಡಬ್ಬಿಯ ಮುಚ್ಚಳವನ್ನು ಅರ್ಧ ಮಾತ್ರ ತೆರೆದು ಉಣ್ಣುವ ವಾಡಿಕೆಯಿತ್ತಂತೆ. ಹುರಿಹಿಟ್ಟಿನ ಪರಿಮಳವು ಆ ವಾಡಿಕೆಯನ್ನು ಕೆಡಿಸಿತು. ಈಗ ಐದು ಮಂದಿ ಒಂದೇ ಮೇಜಿನ ಸುತ್ತ ಕೂಡುತ್ತಾರೆ. ಶುಕ್ರವಾರ ಒಬ್ಬರು ಶಿಡ್ಲಘಟ್ಟದ ಕಡೆಯಿಂದ ರಾಗಿ ಶ್ಯಾವಿಗೆಯನ್ನು ತರುತ್ತಾರೆ.

ವೈಶಾಖದಲ್ಲಿ ಪುನಃ ರಕ್ತಪರೀಕ್ಷೆಯಾಯಿತು. 10.9 ಬಂದಿದೆ. ಇದರಲ್ಲಿ ಹೆಚ್ಚಿನ ಕೀರ್ತಿಯು ಮಾತ್ರೆಗಳಿಗೆ ಸಲ್ಲತಕ್ಕದ್ದೆಂದೂ, ಊಟದ ಕ್ರಮವನ್ನು ಬಿಡಬಾರದೆಂದೂ, ಇನ್ನು ಮೂರು ತಿಂಗಳು ಮಾತ್ರೆ ನಡೆಯಲೆಂದೂ ವೈದ್ಯರು ಹೇಳಿದ್ದಾರೆ. ಬಸ್ಸು ನಿಲ್ಲುವ ಕಡೆಯ ನಾಯಿಗಳು ಮಾತ್ರ ಅವಳನ್ನು ಕಂಡೊಡನೆ ಇಂದಿಗೂ ಬಾಲವಾಡಿಸುತ್ತ ಹಿಂಬಾಲಿಸುತ್ತವೆಯಂತೆ. ಅವುಗಳಿಗಾಗಿ ಒಂದು ರೊಟ್ಟಿ ಹೆಚ್ಚಾಗಿ ತಟ್ಟಬೇಕೆಂದು ನಿನ್ನೆ ಅಪ್ಪಣೆಯಾಗಿದೆ.