ಓಡುವ ಕಾಲು, ಓದುವ ತಲೆ

ಪರೀಕ್ಷೆಯ ಕಾಲವು ಸಮೀಪಿಸಿತೆಂದರೆ ಮಂಡ್ಯ, ಮದ್ದೂರು, ಮಳವಳ್ಳಿಗಳ ಅನೇಕ ಮನೆಗಳಲ್ಲಿ ಮೊದಲು ನಿಲ್ಲುವುದು ಮಕ್ಕಳ ಆಟ. ಎಸ್.ಎಸ್.ಎಲ್.ಸಿ. ತರಗತಿಯ ಹುಡುಗನು ಸಂಜೆ ಬಯಲಿಗೆ ಹೊರಟರೆ, "ಈ ಒಂದು ವರ್ಷ ಆಟ ಬಿಡಪ್ಪ, ಓದ್ಕೋ" ಎಂದು ತಂದೆತಾಯಿಗಳು ಕೂರಿಸುವರು. ಹುಡುಗಿಯರ ಆಟವಂತೂ ಅದಕ್ಕಿಂತ ಎಷ್ಟೋ ಮೊದಲೇ ನಿಂತುಹೋಗಿರುವುದು. ಮಕ್ಕಳ ಏಳಿಗೆಯನ್ನು ಬಯಸಿಯೇ ಹಿರಿಯರು ಹೀಗೆ ಮಾಡುವರೆಂಬುದರಲ್ಲಿ ಸಂದೇಹವಿಲ್ಲ. ಆದರೆ ಆಟವನ್ನು ಕಳೆದು ಓದನ್ನು ಕೂಡುವ ಈ ಲೆಕ್ಕವು ಸರಿಯಾದುದೇ ಎಂಬುದನ್ನು ಈ ತಿಂಗಳು ನಮ್ಮ ವಾಚಕರೊಡನೆ ವಿಚಾರಮಾಡಬೇಕೆಂದಿದ್ದೇವೆ.

ಪ್ರಾಯದ ಮನುಷ್ಯನ ದೇಹದ ತೂಕದಲ್ಲಿ ಮೆದುಳಿನ ಪಾಲು ನೂರಕ್ಕೆ ಸುಮಾರು 2 ಮಾತ್ರ. ಆದರೂ ನಾವು ಸುಮ್ಮನೆ ಕುಳಿತಿರುವಾಗ ದೇಹವು ಬಳಸುವ ಆಮ್ಲಜನಕದಲ್ಲಿ ನೂರಕ್ಕೆ 20ರಷ್ಟನ್ನು ಅದೊಂದೇ ತೆಗೆದುಕೊಳ್ಳುವುದು. ಭತ್ತವನ್ನು ಕಣಜದಲ್ಲಿ ತುಂಬಿಡುವಂತೆ ಆಮ್ಲಜನಕವನ್ನು ಕೂಡಿಟ್ಟುಕೊಳ್ಳುವ ಶಕ್ತಿ ಅದಕ್ಕಿಲ್ಲ. ರಕ್ತದ ಹರಿವು ಪೂರ್ಣವಾಗಿ ನಿಂತರೆ ಸುಮಾರು ಹತ್ತು ಸೆಕೆಂಡುಗಳಲ್ಲಿಯೇ ಎಚ್ಚರ ತಪ್ಪುವುದು. ಕೆಲವೇ ನಿಮಿಷಗಳಲ್ಲಿ ಸರಿಪಡಿಸಲಾಗದ ಹಾನಿಯುಂಟಾಗುವುದು.

ಹಾಗಾದರೆ ದೀರ್ಘವಾಗಿ ಉಸಿರೆಳೆದರೆ ಸಾಲದೇ ಎಂದು ಕೆಲವರು ಕೇಳಬಹುದು. ಸಾಲದು. ಆರೋಗ್ಯವಂತರ ರಕ್ತದಲ್ಲಿ ಆಮ್ಲಜನಕವು ಯಾವಾಗಲೂ ಹೆಚ್ಚುಕಡಿಮೆ ತುಂಬಿಯೇ ಇರುವುದು. ಕನ್ನಂಬಾಡಿ ಕಟ್ಟೆ ತುಂಬಿದ ಮಾತ್ರಕ್ಕೆ ಕೊನೆಯ ಬಯಲಿನ ಗದ್ದೆ ನೆನೆಯುವುದಿಲ್ಲವೆಂಬುದನ್ನು ವಿಶ್ವೇಶ್ವರಯ್ಯ ನಾಲೆಯ ರೈತರಿಗೆ ಹೇಳಿಕೊಡಬೇಕಾಗಿಲ್ಲ. ತೂಬಿನಿಂದ ಬಿಟ್ಟ ನೀರು ಹೂಳಿಲ್ಲದ ಕಾಲುವೆಗಳಲ್ಲಿ ಹರಿದು ಬರಬೇಕು. ದೇಹದಲ್ಲಿಯೂ ಹೀಗೆಯೇ. ನಿಯಮಿತವಾದ ವ್ಯಾಯಾಮದಿಂದ ಹೃದಯವು ಬಲಗೊಳ್ಳುವುದು; ರಕ್ತನಾಳಗಳು ಬಿರುಸಾಗದೆ ಮೃದುವಾಗಿ ಉಳಿಯುವುವು; ಮೆದುಳಿನ ಕಣಗಳನ್ನು ಪೋಷಿಸುವ ದ್ರವ್ಯಗಳೂ ಹೆಚ್ಚುವುವು. ಮಾತನಾಡಲು ಸಾಧ್ಯವಾಗುವಷ್ಟು ಉಸಿರಿಟ್ಟುಕೊಂಡು ಚುರುಕಾಗಿ ನಡೆಯುವಾಗ ಮೆದುಳಿಗೆ ಹರಿಯುವ ರಕ್ತವು ಹೆಚ್ಚುವುದು. ಏದುಸಿರು ಬರುವಂತೆ ಮಿತಿಮೀರಿ ದಣಿದರೆ ಇಂಗಾಲಾಮ್ಲವು ಬಹಳವಾಗಿ ಹೊರಹೋಗಿ, ಮೆದುಳಿನ ನಾಳಗಳು ಸಂಕುಚಿತವಾಗಿ, ಆ ಹೆಚ್ಚಳವು ಮತ್ತೆ ಕುಗ್ಗುವುದು. ಆದುದರಿಂದ ಮಿತವೇ ಇಲ್ಲಿ ಹಿತ.

ಇದಕ್ಕೆ ಪ್ರಮಾಣವುಂಟು. 2009ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ, 20 ನಿಮಿಷ ನಡೆದ ಬಳಿಕ ಮಕ್ಕಳು ಸುಮ್ಮನೆ ಕುಳಿತಿದ್ದಾಗಿಗಿಂತ ಹೆಚ್ಚು ಏಕಾಗ್ರತೆಯಿಂದ ಉತ್ತರ ಕೊಟ್ಟರು. 2011ರಲ್ಲಿ ಅಲ್ಲಿಯೇ 120 ಮಂದಿ ವೃದ್ಧರನ್ನು ಎರಡು ಗುಂಪು ಮಾಡಿ ನೋಡಿದ ಫಲವು ಪ್ರಕಟವಾಯಿತು. ವಾರಕ್ಕೆ ಮೂರು ದಿನ ನಡೆದವರಲ್ಲಿ, ನೆನಪಿಗೆ ಆಧಾರವಾದ ಹಿಪ್ಪೋಕ್ಯಾಂಪಸ್ ಎಂಬ ಭಾಗವು ಒಂದು ವರ್ಷದಲ್ಲಿ ನೂರಕ್ಕೆ 2ರಷ್ಟು ಬೆಳೆದಿತ್ತು. ಬರಿಯ ಮೈ ಸಡಿಲಿಸುವ ಅಭ್ಯಾಸ ಮಾಡಿದವರಲ್ಲಿ ಅದು ಕುಗ್ಗಿತ್ತು. ಎಲ್ಲ ಪರೀಕ್ಷೆಗಳಲ್ಲಿಯೂ ಇಷ್ಟೇ ಫಲ ದೊರೆತಿಲ್ಲವೆಂಬುದನ್ನೂ ಹೇಳಬೇಕು. ನಡೆದವರೆಲ್ಲ ಮೊದಲ ದರ್ಜೆಯಲ್ಲಿ ಉತ್ತೀರ್ಣರಾಗುವರೆಂದು ನಾವು ಹೇಳುವುದಿಲ್ಲ.

ಮೈ ಬೆಳೆಸುವವನಿಗೆ ಬುದ್ಧಿ ಮಂದವೆಂಬ ಹಳೆಯ ಮಾತೊಂದಿದೆ. ಬೆಂಗಳೂರಿನಲ್ಲಿ ವ್ಯಾಯಾಮಶಾಲೆಯನ್ನು ನಡೆಸಿದ ಕೆ. ವಿ. ಅಯ್ಯರ್ ಅವರೇ 'ರೂಪದರ್ಶಿ', 'ಶಾಂತಲಾ' ಕಾದಂಬರಿಗಳನ್ನು ಬರೆದವರೆಂಬುದನ್ನು ನೆನೆದರೆ ಆ ಮಾತು ಎಷ್ಟು ಪೊಳ್ಳೆಂಬುದು ತಿಳಿಯುವುದು.

ಕಬ್ಬು ಕಡಿಯುವವರಿಗೂ ನಾಟಿ ಹಾಕುವವರಿಗೂ ವ್ಯಾಯಾಮದ ಉಪದೇಶ ಬೇಕಾಗಿಲ್ಲ. ಅವರಿಗೆ ಬೇಕಾದುದು ಹೊಟ್ಟೆ ತುಂಬ ಊಟ, ಸಾಕಷ್ಟು ವಿಶ್ರಾಂತಿ. ನಮ್ಮ ಮಾತು ರೈಲಿನಲ್ಲಿ ಕುಳಿತು ಬೆಂಗಳೂರಿಗೋ ಮೈಸೂರಿಗೋ ಹೋಗಿ, ಕಚೇರಿಯಲ್ಲಿ ಕುಳಿತು, ಮನೆಗೆ ಬಂದು ಮತ್ತೆ ಕೂರುವವರಿಗೆ. ಅಂಗಡಿಯ ಗಲ್ಲದ ಮುಂದೆ ದಿನ ಕಳೆಯುವವರಿಗೆ. ಮನೆಯ ಜಗುಲಿಯೇ ಲೋಕವಾದ ಹಿರಿಯರಿಗೆ.

ಗೃಹಿಣಿಯರಿಗೆ ಇನ್ನೊಂದು ಮಾತು. ಆಮ್ಲಜನಕವನ್ನು ಹೊರುವುದು ರಕ್ತದ ಹಿಮೋಗ್ಲೋಬಿನ್. ಅದಕ್ಕೆ ಕಬ್ಬಿಣದ ಅಂಶ ಬೇಕು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ನಮ್ಮ ದೇಶದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆಯಿದೆ. ಸದಾ ಆಯಾಸಪಡುವ, ಓದಿದ್ದು ತಲೆಗೆ ಹತ್ತದ ಮಗಳನ್ನು ಸೋಮಾರಿಯೆಂದು ಬೈಯುವ ಮೊದಲು ಅವಳ ರಕ್ತಪರೀಕ್ಷೆ ಮಾಡಿಸಿರಿ. ಸೊಪ್ಪಿನ ಬಸ್ಸಾರು, ಹುರುಳಿಕಾಳುಗಳು ಊಟದಲ್ಲಿರಲಿ. ಜೊತೆಗೆ ನಿಂಬೆರಸವಿದ್ದರೆ ಕಬ್ಬಿಣವು ಮೈಗೆ ಚೆನ್ನಾಗಿ ಹತ್ತುವುದು. ಊಟದೊಡನೆ ಕಾಫಿ, ಟೀ ಬೇಡ.

ವಿಶ್ವ ಆರೋಗ್ಯ ಸಂಸ್ಥೆಯು ಮಕ್ಕಳಿಗೆ ದಿನಕ್ಕೆ 60 ನಿಮಿಷಗಳ ಆಟ ಓಟವನ್ನೂ, ದೊಡ್ಡವರಿಗೆ ವಾರಕ್ಕೆ ಕಡಮೆಯೆಂದರೆ 150 ನಿಮಿಷಗಳ ಚುರುಕು ನಡಿಗೆಯನ್ನೂ ವಿಧಿಸಿದೆ. ಶಾಲೆಯ ಬಯಲು ಇದಕ್ಕೆ ಸಾಕು. ವಾಹನಗಳು ಓಡುವ ಹೆದ್ದಾರಿಯ ಅಂಚು ಬೇಡ. ಸಕ್ಕರೆ ಕಾಯಿಲೆ, ಹೃದ್ರೋಗಗಳಿರುವವರು ಮೊದಲು ವೈದ್ಯರನ್ನು ಕೇಳತಕ್ಕದ್ದು. ಪರೀಕ್ಷೆಯ ವರ್ಷದಲ್ಲಿಯೂ ಮಕ್ಕಳಿಗೆ ಸಂಜೆಯ ಒಂದು ಗಂಟೆಯನ್ನು ಬಿಟ್ಟುಕೊಡಿರಿ. ಹೆಣ್ಣುಮಕ್ಕಳಿಗೂ ಅದೇ ಗಂಟೆಯನ್ನು ಕೊಡಿರಿ. ಅದು ಓದಿನಿಂದ ಕದ್ದ ಕಾಲವಲ್ಲ. ಓದಿಗೆ ಹಾಕಿದ ಗೊಬ್ಬರ.